ಹಲ್ಲು ಡಬ್ಬಿಯಲ್ಲಿತ್ತು, ಲೇಖನ ಅಚ್ಚಾಗಿತ್ತು

ನಾನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ ಮೊದಲ ಸಂಶೋಧನಾ ಲೇಖನ ಒಂದೇ ಒಂದು ಅಕ್ಷರದ ಮೇಲೆ ನಿಂತಿತ್ತು. ಆ ಅಕ್ಷರ 'ಶ'.

ಭಾಲ್ಕಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವುದು ನನ್ನ ಕೆಲಸ. ಮನೆ ಬೀದರಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ನಮ್ಮ ಕಡೆ ಶಾಲೆಗೆ 'ಸಾಲಿ' ಅನ್ನುತ್ತಾರೆ, ಶೆಟ್ಟರಿಗೆ 'ಸೆಟ್ಟರು' ಅನ್ನುತ್ತಾರೆ. ಪುಸ್ತಕದ 'ಶ' ನಮ್ಮ ಬಾಯಿಗೆ ಬರುವ ಹೊತ್ತಿಗೆ 'ಸ' ಆಗಿರುತ್ತದೆ. ಇಲ್ಲಿ ಹುಟ್ಟಿದ ಯಾರಿಗೂ ಇದು ಹೊಸ ಸಂಗತಿಯಲ್ಲ. ಹೊಸ ಸಂಗತಿ ಎದುರಾದದ್ದು ಔರಾದ ತಾಲ್ಲೂಕಿನ ಎಕಂಬಾದಲ್ಲಿ, ನನ್ನ ಗಂಡನ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ.

ಅವತ್ತು ನನ್ನ ಜೊತೆ ನಮ್ಮ ಸರ್ ಇದ್ದರು. ನನ್ನ ಪಿಎಚ್.ಡಿ.ಗೆ ಮಾರ್ಗದರ್ಶನ ಮಾಡಿದವರು, ಈಗ ನಿವೃತ್ತರಾಗಿ ಬೀದರಿನ ಮೈಲೂರಿನಲ್ಲಿ ಇದ್ದಾರೆ. ಹಳೆಯ ತಲೆಮಾರಿನ ಹೆಂಗಸರ ಮಾತನ್ನು ದಾಖಲಿಸಿ ಇಡಬೇಕೆಂಬುದು ಅವರ ಬಹಳ ದಿನದ ಆಸೆ. ನಾನು ಫೋನ್ ಮಾಡಿ ಅತ್ತೆಗೆ ತಿಳಿಸಿದ್ದೆ. ನಾವು ಹೋಗುವಷ್ಟರಲ್ಲಿ ಅತ್ತೆ, ಅತ್ತೆಯ ನೆಗೆಣ್ಣಿ, ಪಕ್ಕದ ಮನೆಯ ಮುದುಕಿ ಮೂವರೂ ಒಗೆದ ಸೀರೆ ಉಟ್ಟು ಸಾಲಾಗಿ ಕೂತಿದ್ದರು, ಫೋಟೊಕ್ಕೆ ಕೂತ ಹಾಗೆ. ನಾನು ಮೊಬೈಲನ್ನು ಒಂದು ತಂಬಿಗೆಗೆ ಒರಗಿಸಿ ರೆಕಾರ್ಡಿಂಗ್ ಶುರು ಮಾಡಿದೆ.

"ನಮ್ಮ ಶೊಶಿ ಶಂತಿಗಿ ಹೋಗ್ಯಾಳ್ರಿ," ಅಂದರು ಅತ್ತೆ.

ಸರ್ ಕೈಯಲ್ಲಿದ್ದ ಚಹಾದ ಕಪ್ಪು ಅರ್ಧ ದಾರಿಯಲ್ಲೇ ನಿಂತಿತು.

"ಅಮ್ಮಾ, ಇನ್ನೊಮ್ಮಿ ಹೇಳ್ರಿ. ಯಾರು ಹೋಗ್ಯಾರ?"

"ಶೊಶಿ."

"ಮೊಮ್ಮಗ ಎಲ್ಲಿ ಹೋಗ್ಯಾನ?"

"ಶಾಲಿಗಿ."

ಸರ್ ನೆಗೆಣ್ಣಿಯ ಕಡೆ ತಿರುಗಿದರು. "ನೀವು ಹೇಳ್ರಿ ಅಮ್ಮಾ. ನಿಮ್ಮ ಮಗನ ಹೆಂಡ್ತಿ ನಿಮಗ ಏನಾಗಬೇಕು?"

"ಶೊಶಿ ಆಗಬೇಕು," ಅಂದರು ಅವರು. ಆಮೇಲೆ ನನ್ನ ಕಡೆ ನೋಡಿ ಸಣ್ಣ ದನಿಯಲ್ಲಿ, "ಇಷ್ಟೂ ಗೊತ್ತಿಲ್ಲೇನವಾ ಇವರಿಗಿ? ಭಾಳ ಓದ್ಯಾರಂದಿ?" ಅಂದರು.

ಮೂವರೂ ನಕ್ಕರು. ನಗುವಾಗ ಸೆರಗು ತಂದು ಬಾಯಿ ಮುಚ್ಚಿಕೊಂಡರು. ಮಾತು ಮುಗಿಸಿದ ಕೂಡಲೇ ಮತ್ತೆ ಮುಚ್ಚಿಕೊಂಡರು. ನಾನು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಸರ್ ಪಕ್ಕದವರಿಗೂ ಕೇಳಿಸುವ ಹಾಗೆ ಸಿದ್ಧಾಂತ ಕಟ್ಟಿದರು. ಇಡೀ ಜಿಲ್ಲೆ ಕಳೆದುಕೊಂಡ 'ಶ' ಎಕಂಬಾದ ಹಿರಿಯ ಹೆಂಗಸರ ಬಾಯಲ್ಲಿ ಇನ್ನೂ ಉಳಿದಿದೆ! 'ಸೊಸೆ'ಯಂಥ ಮಾತಿನಲ್ಲಿ ಮೊದಲಿನಿಂದಲೂ 'ಶ' ಇರಲಿಲ್ಲವಲ್ಲ ಸರ್ ಎಂದು ನಾನು ಕೇಳಿದೆ. ಅದಕ್ಕೆ ಅವರು, "ಗಡಿ ಸೀಮಿ ಇದು. ಮರಾಠಿ ಪ್ರಭಾವ," ಅಂದರು. ಬೀದರ್ ಜಿಲ್ಲೆಯಲ್ಲಿ ಯಾವ ಅನುಮಾನಕ್ಕೂ ಮರಾಠಿ ಪ್ರಭಾವ ಎಂಬ ಉತ್ತರ ಒಪ್ಪುತ್ತದೆ. ನಾನೂ ಒಪ್ಪಿದೆ.

ಲೇಖನ ಬರೆದೆವು. ದೂರದ ಊರಿನಿಂದ ಹೊರಡುವ ಒಂದು ಭಾಷಾಶಾಸ್ತ್ರದ ಪತ್ರಿಕೆಗೆ ಕಳಿಸಿದೆವು. ಅದನ್ನು ಓದಿ ನೋಡಿದ ಇಬ್ಬರು ಪರಿಶೀಲಕರೂ ಮೆಚ್ಚಿದರು. 'ಎಕಂಬಾದ ಹಿರಿಯ ಸ್ತ್ರೀಯರು ಪರಪುರುಷರ ಎದುರು ಮಾತನಾಡುವಾಗ ಸಂಕೋಚದಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ' ಎಂದು ನಾನು ಅಡಿಟಿಪ್ಪಣಿ ಹಾಕಿದ್ದೆ. ಒಬ್ಬ ಪರಿಶೀಲಕರಿಗೆ ಅದು ಎಷ್ಟು ಹಿಡಿಸಿತೆಂದರೆ, ಅದನ್ನು ವಿಸ್ತರಿಸಿರಿ ಎಂದು ಬರೆದರು. ನಾವು ಒಂದು ಪುಟ ವಿಸ್ತರಿಸಿದೆವು. ಲೇಖನ ಅಚ್ಚಾಯಿತು. ನಮ್ಮ ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಶಾಲು ಹೊದಿಸಿ, ಮಾಲೆ ಹಾಕಿ, ಹತ್ತು ನಿಮಿಷ ಮಾತಾಡಿದರು. ಅದರಲ್ಲಿ ಒಂಬತ್ತು ನಿಮಿಷ ಕಾಲೇಜಿನ ಕಟ್ಟಡದ ಬಗ್ಗೆ.

ಏಳೆಂಟು ತಿಂಗಳು ಕಳೆಯಿತು. ಭಾಲ್ಕಿಯಲ್ಲೇ ನಮ್ಮವರ ಕಡೆಯ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಎಕಂಬಾದ ಅತ್ತೆ ಬಂದು ಕೂತರು.

"ಏನವಾ, ಸಾಲಿ ಸೂಟಿ ಎಂದ ಕೊಡ್ತಾರ?" ಅಂದರು. "ನಾ ಸೊಸಿ ಸಂಗಟ ಬಂದೀನಿ. ಈ ಸಾರು ನೋಡು, ಎಷ್ಟ ಸಪ್ಪಗದ!"

ನನ್ನ ಕೈಯಲ್ಲಿದ್ದ ಹೋಳಿಗೆ ಕೈಯಲ್ಲೇ ಉಳಿಯಿತು. ಒಂದಲ್ಲ ಎರಡಲ್ಲ, ಎಲ್ಲವೂ ಸ್ವಚ್ಛವಾದ 'ಸ'.

"ಅತ್ತೀ, ಸಾರು ಹ್ಯಾಂಗದ ಅಂದ್ರಿ?"

"ಸಪ್ಪಗದ."

"ನೀವು ಯಾರ ಸಂಗಟ ಬಂದೀರಿ?"

"ಸೊಸಿ ಸಂಗಟ. ಯಾಕ, ಕಿವಿ ಮಂದ ಆಗ್ಯಾವೇನು ನಿನಗ?"

ಆಗ ಅವರು ನಕ್ಕರು. ಸೆರಗು ಬಾಯಿಗೆ ಬರಲಿಲ್ಲ. ಮೇಲೆ ಕೆಳಗೆ ಎರಡು ಸಾಲು, ಮಲ್ಲಿಗೆ ಮೊಗ್ಗು ಪೋಣಿಸಿದ ಹಾಗೆ ಬಿಳಿ ಬಿಳಿ ಹಲ್ಲು ಕಂಡವು.

"ಅತ್ತೀ, ಹಲ್ಲು ಯಾವಾಗ ಹಾಕಿಸಿದ್ರಿ?"

"ಭಾಳ ದಿವಸ ಆಯ್ತು. ಔರಾದಾಗ ಕ್ಯಾಂಪ್ ಮಾಡಿದ್ರಲ್ಲ, ಆವಾಗ. ನಾನು, ನನ್ನ ನೆಗೆಣ್ಣಿ, ಬಾಜೂ ಮನಿಯಾಕಿ, ಮೂರೂ ಮಂದಿ ಒಂದ ದಿನ ಹಾಕಿಸ್ಕೊಂಡ್ವಿ."

"ನಾವು ಬಂದಾಗ ಇದ್ದವೇನ್ರಿ?"

"ಇರಲಾರದ ಏನು! ಡಬ್ಬಿದಾಗ ಇದ್ದವು. ಹೊಸಾವು, ಮಾತಾಡಿದ್ರ ಖಟಖಟ ಅಂತಿದ್ದವು. ನಿನ್ನ ಮಸಿನ್ನಿನಾಗ ಸಪ್ಪಳ ಬರ್ತದ, ನಿನಗ ತ್ರಾಸ ಆಗ್ತದ ಅಂತ ಮೂರೂ ಮಂದಿ ತಗದಿಟ್ಟು ಕುಂತಿದ್ವಿ."

ನನ್ನ ಸಲುವಾಗಿ ತೆಗೆದಿಟ್ಟಿದ್ದರು! ಬಾಯಿ ಮುಚ್ಚಿಕೊಂಡದ್ದಕ್ಕೂ ಪರಪುರುಷರಿಗೂ ಸಂಬಂಧವೇ ಇರಲಿಲ್ಲ. ಒಂದು ಪುಟದ ಅಡಿಟಿಪ್ಪಣಿ ನನ್ನ ಕಣ್ಣ ಮುಂದೆ ಹಾದು ಹೋಯಿತು. ನಾನು ಹೋಳಿಗೆಯನ್ನು ಎಲೆಯ ಮೇಲಿಟ್ಟೆ. ಅತ್ತೆ ಅದನ್ನು ನೋಡಿ, "ತಿನ್ನಲ್ಲೇನು?" ಎಂದು ತಾವೇ ತಿಂದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಅಂಗಡಿಯ ಮನುಷ್ಯ. "ಆ ಲೇಖನ ಓದಿದವರು ಎಷ್ಟು ಮಂದಿ?" ಎಂದು ಕೇಳಿದರು. ಬಹಳ ಇಲ್ಲ ಅಂದೆ. "ಮತ್ತ ಸುಮ್ಮ ಕುಂಡ್ರು," ಅಂದರು.

ನಾನು ಎರಡು ದಿನ ಸುಮ್ಮನೆ ಕೂತೆ ಕೂಡ. ಮೂರನೆಯ ದಿನ ನಮ್ಮ ಕಾಲೇಜಿನ ಒಬ್ಬ ಎಂ.ಎ. ವಿದ್ಯಾರ್ಥಿನಿ ಸ್ಟಾಫ್ ರೂಮಿಗೆ ಬಂದಳು. ನಮ್ಮ ಲೇಖನವನ್ನೇ ನಂಬಿಕೊಂಡು ಔರಾದ ಕಡೆಯ ತನ್ನ ಅಜ್ಜಿಯ ಮಾತನ್ನು ರೆಕಾರ್ಡ್ ಮಾಡುತ್ತಿದ್ದಳು. ಮುಖ ಸಣ್ಣದಾಗಿತ್ತು.

"ಮೇಡಂ, ನಮ್ಮ ಆಯಿ ಬರೇ ಸ, ಸ ಅಂತಾಳ್ರಿ. ಹತ್ತು ಸರ್ತಿ ಕೇಳಿದ್ರೂ ಶ ಬರಲ್ದು. ನನ್ನ ಕಿವಿನೇ ಖರಾಬ ಅದ ಕಾಣಸ್ತದ್ರಿ. ಡಾಕ್ಟರ ಕಡಿ ಹೋಗ್ಲೇನ್ರಿ?"

ಅವಳ ಕಿವಿ ಸರಿಯಾಗಿದೆ, ತೊಂದರೆ ಬೇರೆ ಕಡೆ ಇದೆ, ಎರಡು ದಿನ ತಡಿ ಎಂದು ಹೇಳಿ ಕಳಿಸಿದೆ. ಅವತ್ತು ಸಂಜೆ ನೇರ ಮೈಲೂರಿಗೆ, ಸರ್ ಮನೆಗೆ ಹೋದೆ.

ಸರ್ ಕೇಳಿದರು, ನಂಬಲಿಲ್ಲ. "ಹಲ್ಲಿಗೂ ಭಾಷಾಶಾಸ್ತ್ರಕ್ಕೂ ಏನವಾ ಸಂಬಂಧ?" ಅಂದರು. "ಆ ಅಮ್ಮ ಭಾಲ್ಕಿಗಿ ಬಂದಾಗ ಪ್ಯಾಟಿ ಮಂದಿ ಎದುರು ಪ್ಯಾಟಿ ಭಾಷಾ ಮಾತಾಡ್ಯಾಳ. ಊರಾಗ ಶ ಅಂತಾಳ. ಇದು ಇನ್ನೂ ಚಲೋ ಆಯ್ತು, ಎರಡನೇ ಲೇಖನ ಬರೀಬೌದು."

ಎಕಂಬಾದಲ್ಲಿ ಮೂವರೂ ಹಲ್ಲು ತೆಗೆದಿಟ್ಟಿದ್ದರಲ್ಲ ಸರ್ ಎಂದೆ. ಸರ್, "ಜರಾ ಕುಂಡ್ರು," ಎಂದು ಒಳಗೆ ಹೋದರು. ನೀರು ಬಿಟ್ಟ ಸಪ್ಪಳವಾಯಿತು. ಹೊರಗೆ ಬಂದಾಗ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಿದ್ದರು. ಕೆನ್ನೆ ಎರಡೂ ಒಳಗೆ ಹೋಗಿದ್ದವು.

"ಶಂಶೋಧನಿ," ಅಂದರು.

ನಾನು ಎದ್ದು ನಿಂತೆ.

"ಶಾಲಿ. ಶೊಶಿ. ಶಾರು ಶಪ್ಪಗದ." ಕಣ್ಣು ಅಗಲ ಮಾಡಿ ನನ್ನ ಕಡೆ ನೋಡಿದರು. "ಹೌದವಾ. ಹಲ್ಲೇ."

ಅಡುಗೆ ಮನೆಯಿಂದ ಅವರ ಮನೆಯವರು ನಗು ತಡೆಯಲಾರದೆ ಏನೋ ಪಾತ್ರೆ ಕೆಡವಿದರು. ಸರ್ ಅವರನ್ನು ನಾನು ಇಪ್ಪತ್ತು ವರ್ಷದಿಂದ ಬಲ್ಲೆ. ಅವರ ಕೈಯಲ್ಲಿ ಕಲಿತ ಯಾರಿಗೂ ಆ ಹಲ್ಲು ಕಟ್ಟಿಸಿದ್ದು ಎಂದು ಗೊತ್ತಿರಲಿಲ್ಲ. ಸರ್ ಒಳಗೆ ಹೋಗಿ ಹಲ್ಲು ಹಾಕಿಕೊಂಡು ಬಂದು, ಮೊದಲಿನ ಗಾಂಭೀರ್ಯದಲ್ಲಿ ಕೂತು, "ಬರಿ ಸಂಪಾದಕರಿಗೆ. ಆದರ ಈ ಪ್ರಯೋಗದ ಸುದ್ದಿ ಎಲ್ಲೂ ಬರಬಾರದು," ಅಂದರು. ಸರ್ ಇದನ್ನು ಓದಿ, ಹೆಸರಿಲ್ಲದಿದ್ದರೆ ಅಡ್ಡಿಯಿಲ್ಲ ಎಂದ ಮೇಲೆಯೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಸಂಪಾದಕರಿಗೆ ಬರೆದದ್ದು ಬಹಳ ಚಿಕ್ಕ ಪತ್ರ. ಮೂವರೂ ಹಲ್ಲು ತೆಗೆದು ಮಾತಾಡಿದ್ದರಿಂದ ಒಂದು ಸಣ್ಣ ತಪ್ಪಾಗಿದೆ, ಒಂದು ಸಣ್ಣ ತಿದ್ದುಪಡಿ ಹಾಕಬೇಕು ಎಂದಷ್ಟೇ. ಸಂಪಾದಕಿ ಒಬ್ಬ ಸಮಾಧಾನದ ಹೆಂಗಸು. ವಾರದೊಳಗೆ ಉತ್ತರ ಬರೆದು ನಮಗೆ ಇಡೀ ಪದ್ಧತಿಯನ್ನು ತಿಳಿಸಿಕೊಟ್ಟರು. ತಪ್ಪನ್ನು ಸರಿಪಡಿಸಿದ ಮೇಲೂ ಲೇಖನದ ಮುಖ್ಯ ತೀರ್ಮಾನ ನಿಲ್ಲುವುದಾದರೆ ತಿದ್ದುಪಡಿ ಸಾಕು. ತೀರ್ಮಾನವೇ ನಿಲ್ಲದಿದ್ದರೆ ಲೇಖನವನ್ನು ಹಿಂಪಡೆಯಬೇಕು. ಯಾವುದೆಂದು ಗೊತ್ತಾಗುವ ತನಕ ಲೇಖನದ ಮೇಲೆ ಒಂದು ಎಚ್ಚರಿಕೆ ಹಚ್ಚಿರುತ್ತಾರೆ, ಓದುವವರು ಸದ್ಯಕ್ಕೆ ಇದನ್ನು ನಂಬಿ ಮುಂದೆ ಹೋಗಬಾರದು ಎಂದು. ಪತ್ರದ ಕೊನೆಗೆ ಅವರು ಒಂದು ಪ್ರಶ್ನೆ ಕೇಳಿದ್ದರು: 'ಈ ಮೂವರ ಮಾತನ್ನು ತೆಗೆದರೆ ಲೇಖನದಲ್ಲಿ ಏನು ಉಳಿಯುತ್ತದೆ?'

ನಾನೂ ಸರ್ ಅವರೂ ಲೇಖನ ಮುಂದಿಟ್ಟುಕೊಂಡು ಪೆನ್ಸಿಲಿನಿಂದ ಒಂದೊಂದೇ ಭಾಗ ಹೊಡೆಯುತ್ತ ಹೋದೆವು.

"ಪೀಠಿಕಿ ಉಳೀತದ," ಅಂದರು ಸರ್ ಕೊನೆಗೆ. "ಔರಾದ ತಾಲ್ಲೂಕಿನ ಹವಾಮಾನ ಉಳೀತದ."

"ಕೃತಜ್ಞತೆಗಳೂ ಉಳೀತಾವ ಸರ್."

"ಅದರೊಳಗ ಆ ಅಮ್ಮನ ಹೆಸರು ತಪ್ಪ ಬಿದ್ದದ. ಅದೂ ತಿದ್ದಬೇಕು."

ಅಲ್ಲಿಗೆ ತೀರ್ಮಾನವಾಯಿತು, ಹಿಂಪಡೆಯುವುದೇ. ಆದರೆ ಸಂಪಾದಕಿ ಬರೇ ನಮ್ಮ ಮಾತಿನ ಮೇಲೆ ಹಿಂಪಡೆಯಲು ಒಪ್ಪಲಿಲ್ಲ. ಹಲ್ಲು ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ, ಅವೇ ಮಾತುಗಳನ್ನು ಮತ್ತೆ ರೆಕಾರ್ಡ್ ಮಾಡಿ ಕಳಿಸಿರಿ, ಆ ಮೂವರ ಒಪ್ಪಿಗೆಯೂ ಬೇಕು ಅಂದರು. ಮತ್ತೆ ಎಕಂಬಾಕ್ಕೆ ಹೊರಟೆವು.

ಅತ್ತೆಗೆ ವಿಷಯವನ್ನೆಲ್ಲ ಬಿಡಿಸಿ ಹೇಳುವುದು ಸುಲಭವಾಗಿರಲಿಲ್ಲ. ಲೇಖನದ ಮೇಲೆ ಹಚ್ಚಿದ್ದ ಎಚ್ಚರಿಕೆಯ ಇಂಗ್ಲಿಷ್ ಹೆಸರಿನಲ್ಲಿದ್ದ 'ಕನ್ಸರ್ನ್' ಎಂಬ ಮಾತನ್ನು ನಾನು 'ಕಾಳಜಿ' ಎಂದು ಕನ್ನಡ ಮಾಡಿ ಕೆಟ್ಟೆ.

"ಕಾಳಜಿ ಮಾಡ್ಲತ್ತಾರ? ನಮ್ಮ ಹಲ್ಲಿಂದು?" ಅತ್ತೆ ಕರಗಿ ಹೋದರು. "ಎಲ್ಲಿಯವರು, ಯಾವ ದೇಸದವರು, ನೋಡು! ಇಲ್ಲಿ ನಮ್ಮ ಮನಿ ಮಂದಿ ಒಮ್ಮೆರೆ ಕೇಳಿಲ್ಲ. ಅವರಿಗಿ ಬರಿಯವಾ, ಕಾಳಜಿ ಮಾಡಬ್ಯಾಡ್ರಿ, ಈಗ ಆರಾಮ ಅದ, ಸೇಂಗಾ ಸುದ್ದಾ ತಿನ್ತೀನಿ ಅಂತ."

ಹಾಗಲ್ಲ ಅತ್ತೀ, ಅದು ಲೇಖನದ ಮೇಲಿನ ಅನುಮಾನ ಎಂದು ಹೇಳಿದೆ. ಅವರ ಮುಖ ಬದಲಾಯಿತು.

"ಅಂದ್ರ ನಾವು ಸುಳ್ಳ ಹೇಳೀವಂತ?"

"ಇಲ್ಲರಿ, ತಪ್ಪು ನಮ್ಮದು."

"ಮತ್ತೀಗ ಆ ಕಾಗದ ಹರದು ಒಗೀತಾರೇನು?"

"ಹರಿಯಲ್ಲರಿ. ಇದ್ದಲ್ಲೇ ಇಡ್ತಾರ. ಪುಟ ಪುಟದ ಮ್ಯಾಲ ದಪ್ಪ ಅಕ್ಷರದಾಗ 'ಹಿಂಪಡೆಯಲಾಗಿದೆ' ಅಂತ ಅಡ್ಡ ಬರೀತಾರ."

"ಅಂದ್ರ ಊರ ಮಂದಿಯೆಲ್ಲ ಓದ್ಲಿ ಅಂತ?"

ಸರ್ ಗಂಟಲು ಸರಿ ಮಾಡಿಕೊಂಡು, "ಹಾಂಗಲ್ಲ ಅಮ್ಮಾ," ಅಂದರು. "ಮೊದಲ ಓದಿದವರಿಗಿ ಇದು ತಪ್ಪದ ಅಂತ ಗೊತ್ತಾಗಬೇಕಲ್ಲ? ಕಾಗದನೇ ಇಲ್ಲಂದ್ರ, ಯಾಕ ತಪ್ಪಾಯ್ತಂತ ಹ್ಯಾಂಗ ತಿಳೀತದ?"

ಅತ್ತೆ ಅದಕ್ಕೆ ಒಪ್ಪಿದರು. ರೆಕಾರ್ಡಿಂಗ್ ಶುರುವಾಯಿತು. ಹಲ್ಲು ಹಾಕಿಕೊಂಡು ಮೊದಲ ಸುತ್ತು ಚೆನ್ನಾಗಿ ಆಯಿತು. ಎರಡನೆಯ ಸುತ್ತಿಗೆ ತೆಗೆಯಬೇಕೆಂದಾಗ ಮೂವರಿಗೂ ನಾಚಿಕೆ ಬಂತು. ಸರ್ ಎದುರಿಗೆ ಒಲ್ಲೆವು ಅಂದರು. ಇದು ನಿಜವಾದ ಸಂಕೋಚ! ನನ್ನ ಅಡಿಟಿಪ್ಪಣಿಗೆ ಬೇಕಾಗಿದ್ದ ಸಂಕೋಚ ವರ್ಷಕ್ಕೂ ಹೆಚ್ಚು ತಡವಾಗಿ ಬಂದಿತ್ತು. ಸರ್ ಹೊರಗಿನ ಕಟ್ಟೆಯ ಮೇಲೆ, ಬಿಸಿಲಿಗೆ ಬೆನ್ನು ಮಾಡಿ ಕೂತರು. ಒಳಗಿಂದ ನಾನು "ಸೂಜಿ" ಅನ್ನಿ ಅಂದರೆ ಮೂವರೂ ಒಟ್ಟಿಗೆ "ಶೂಜಿ" ಅನ್ನುವುದು, ಬಿದ್ದು ಬಿದ್ದು ನಗುವುದು. ಆ ಧ್ವನಿಮುದ್ರಣದಲ್ಲಿ ಮಾತಿಗಿಂತ ನಗುವೇ ಹೆಚ್ಚು. ಮುಗಿದ ಮೇಲೆ ಮೂವರೂ ಹಲ್ಲು ಹಾಕಿಕೊಂಡರು. ಒಪ್ಪಿಗೆಯ ಕಾಗದಕ್ಕೆ ಅತ್ತೆ, ನೆಗೆಣ್ಣಿ ಇಬ್ಬರೂ ಸಹಿ ಮಾಡಿದರು. ಪಕ್ಕದ ಮನೆಯವರು ಹೆಬ್ಬೆಟ್ಟು ಒತ್ತಿದರು.

ಧ್ವನಿಮುದ್ರಣ ಕೇಳಿದ ಮೇಲೆ ಸಂಪಾದಕಿ ಪ್ರಕಟಣೆಯ ಕರಡು ಕಳಿಸಿದರು. ಅದರಲ್ಲಿ 'ಮಾಹಿತಿ ನೀಡಿದವರಿಗೆ ಹಲ್ಲುಗಳಿಲ್ಲದ ಕಾರಣ' ಎಂದಿತ್ತು. ಆ ಹೆಂಗಸರಿಗೂ ಓದಿ ಹೇಳುವುದು ಒಳ್ಳೆಯದು ಎಂದೂ ಬರೆದಿದ್ದರು. ನಾನು ಫೋನಿನಲ್ಲಿ ಅತ್ತೆಗೆ ಓದಿ ಹೇಳಿದೆ.

"ಬೊಚ್ಚಬಾಯಿಯವರು ಅಂತ ಬರದಾರೇನು?" ಅತ್ತೆಯ ದನಿ ಏರಿತು. "ಇಲ್ಲ ಅಂತ ಹ್ಯಾಂಗ ಬರೀತಾರ? ಹಲ್ಲ ಇದ್ದವು. ಡಬ್ಬಿದಾಗ ಇದ್ದವು. ನೀವು ಕೇಳಲಿಲ್ಲ, ನಾವು ಹೇಳಲಿಲ್ಲ. ಅಷ್ಟ ಬರೀರಿ, ಮುಗೀತು!"

ನಾನು ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ. ಸಂಪಾದಕಿಗೆ ಒಪ್ಪಿಗೆಯಾಯಿತು. ಈಗ ಆ ಪ್ರಕಟಣೆಯಲ್ಲಿ, 'ಧ್ವನಿಮುದ್ರಣದ ಸಮಯದಲ್ಲಿ ಮಾಹಿತಿದಾರರು ತಮ್ಮ ಬಳಿ ಇದ್ದ ಕೃತಕ ದಂತಗಳನ್ನು ಧರಿಸಿರಲಿಲ್ಲ. ಲೇಖಕರು ಈ ಬಗ್ಗೆ ವಿಚಾರಿಸಿರಲಿಲ್ಲ. ಇದು ಲೇಖಕರ ಪ್ರಾಮಾಣಿಕ ತಪ್ಪು. ಲೇಖನವನ್ನು ಅವರ ಕೋರಿಕೆಯ ಮೇರೆಗೆ ಹಿಂಪಡೆಯಲಾಗಿದೆ' ಎಂದಿದೆ. 'ಪ್ರಾಮಾಣಿಕ' ಎಂಬ ಮಾತು ಸರ್ ಅವರಿಗೆ ಬಹಳ ಸಮಾಧಾನ ಕೊಟ್ಟಿತು. ಅದೊಂದು ಸಾಲನ್ನು ಮೂರು ಸಲ ಓದಿಸಿ ಕೇಳಿದರು.

ಅವತ್ತೇ ಆ ವಿದ್ಯಾರ್ಥಿನಿಯನ್ನು ಕರೆದು ತೋರಿಸಿದೆ. ಅವಳು ಪ್ರಕಟಣೆ ಓದಿ, ನನ್ನ ಮುಖ ನೋಡಿ, ಮತ್ತೆ ಓದಿ, "ಅಂದ್ರ ನಮ್ಮ ಆಯಿ ಬರೋಬ್ಬರ್ ಅದಾಳ್ರೀ ಮೇಡಂ!" ಎಂದು ಕುಣಿಯುತ್ತ ಹೋದಳು. ನನಗೆ ಅಳುಕು ಇದ್ದದ್ದು ಪ್ರಿನ್ಸಿಪಾಲರದು. ಅವರ ಕೋಣೆಗೆ ಹೋಗಿ ವಿಷಯ ತಿಳಿಸಿದೆ.

"ಹಿಂಪಡೆದಾರ ಅಂದ್ರ ಮತ್ತ ಶಾಲು?"

"ಶಾಲು ಏನ್ರಿ ಸರ್?"

"ಶಾಲು ಕಾಲೇಜಿನದು ಅದ. ರಜಿಸ್ಟರಿನಾಗ 'ಲೇಖನಕ್ಕಾಗಿ ಸನ್ಮಾನ' ಅಂತ ಬರದೀವಿ. ಈಗ ಲೇಖನ ಇಲ್ಲ. ಆಡಿಟಿನವರು ಕೇಳಿದ್ರ ಏನು ಹೇಳ್ಬೇಕು?"

ಲೇಖನ ಇದೆ ಸರ್, ಇದ್ದಲ್ಲೇ ಇದೆ, ಮೇಲೆ ಹಿಂಪಡೆಯಲಾಗಿದೆ ಎಂದು ಬರೆದಿದ್ದಾರೆ ಅಷ್ಟೇ ಎಂದೆ. ಅವರಿಗೆ ಕೂಡಲೇ ದಾರಿ ಹೊಳೆಯಿತು. ರಜಿಸ್ಟರ್ ತರಿಸಿ, ನನ್ನ ಸನ್ಮಾನದ ಸಾಲಿನ ಮೇಲೆ ತಾವೇ ಕೆಂಪು ಪೆನ್ನಿನಿಂದ 'ಹಿಂಪಡೆಯಲಾಗಿದೆ' ಎಂದು ಓರೆಯಾಗಿ ಬರೆದು ಸಹಿ ಹಾಕಿದರು. ಶಾಲು ನನ್ನ ಬಳಿಯೇ ಉಳಿಯಿತು. ಮಾಲೆಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ವಿಚಿತ್ರವೆಂದರೆ, ಆ ಲೇಖನ ಹಿಂಪಡೆದ ಮೇಲೆಯೂ ಯಾರೋ ಒಬ್ಬರು ತಮ್ಮ ಲೇಖನದಲ್ಲಿ 'ಎಕಂಬಾದ ಶಕಾರ'ವನ್ನು ಆಧಾರವಾಗಿ ಕೊಟ್ಟರು. ನಾನು ಅವರಿಗೆ, ದಯವಿಟ್ಟು ಹಾಗೆ ಮಾಡಬೇಡಿ, ಅದು ಹಲ್ಲಿನ ವಿಷಯ ಎಂದು ಬರೆದೆ. ಕ್ಷಮಿಸಿ ಮೇಡಂ, ನಾನು ಲೇಖನ ಓದಿರಲಿಲ್ಲ, ಬೇರೊಬ್ಬರ ಲೇಖನದಲ್ಲಿ ಇದ್ದದ್ದನ್ನು ಎತ್ತಿಕೊಂಡೆ ಎಂದು ಉತ್ತರ ಬಂತು. ಸರ್‌ಗೆ ತೋರಿಸಿದೆ. ಅವರು ಬೇಸರ ಪಟ್ಟುಕೊಳ್ಳಬಹುದು ಎಂದುಕೊಂಡಿದ್ದೆ. "ನೋಡವಾ, ಇನ್ನೂ ನಂಬವರು ಇದ್ದಾರ!" ಎಂದು ಅವರು ಮುಖ ಅರಳಿಸಿದರು.

ನಾನೀಗ ಮಾತು ದಾಖಲಿಸಲು ಎಲ್ಲಿಗೆ ಹೋದರೂ ಮೊದಲ ಪ್ರಶ್ನೆ ಹಲ್ಲಿನದೇ. ಎಲ್ಲರೂ ಅದನ್ನು ಸಮಾಧಾನದಿಂದ ತೆಗೆದುಕೊಳ್ಳುವುದಿಲ್ಲ. ಹೋದ ತಿಂಗಳು ಔರಾದಿನಲ್ಲಿ ಒಬ್ಬ ಮುಪ್ಪಿನ ಹೆಡ್ ಮಾಸ್ತರರ ಮನೆಗೆ ಹೋಗಿದ್ದೆ. ಶುದ್ಧ ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ. ಹಲ್ಲು ನಿಮ್ಮವೇ ಏನ್ರಿ ಎಂದು ಕೇಳಿದ ಕೂಡಲೇ ಅವರಿಗೆ ಸಿಟ್ಟು ಬಂತು.

"ಎಂಬತ್ತು ದಾಟೀನಿ, ಒಂದು ಹಲ್ಲು ಅಲುಗಾಡಿಲ್ಲ. ಬರ್ರಿ ಇಲ್ಲಿ, ಎಣಸ್ರಿ!" ಎಂದು ಬೆಳಕಿನ ಕಡೆ ಮುಖ ಮಾಡಿ ಬಾಯಿ ತೆಗೆದರು.

ತೆಗೆದ ಬಾಯಿ ಮುಚ್ಚಿರಿ ಎಂದು ಹಿರಿಯರಿಗೆ ಹೇಳುವುದು ಹೇಗೆ? ನಾನು ಎಣಿಸಿದೆ. ಎಡಗಡೆ, ಕೆಳಗೆ, ಹಿಂದಿನದೊಂದು ಇರಲಿಲ್ಲ. ಸುಳ್ಳು ಬರೆಯುವ ಹಾಗಿರಲಿಲ್ಲ, ಹೇಳಿದೆ. ಅವರು ನಾಲಿಗೆಯಿಂದ ತಡವಿ ನೋಡಿದರು, ನಂಬಲಿಲ್ಲ, ಬೆರಳು ಹಾಕಿ ನೋಡಿದರು.

"ಏ, ಇಲ್ಲಿ ಬಾ ಜರಾ," ಎಂದು ಒಳಗೆ ಹೆಂಡತಿಯನ್ನು ಕೂಗಿದರು. "ಈ ಹಲ್ಲು ಯಾವಾಗ ಹೋಯ್ತು?"

"ಮೊಮ್ಮಗಳ ಮದುವಿದಾಗ ಬಿತ್ತಲ್ರಿ, ಸೆರಗಿಗಿ ಕಟ್ಕೊಂಡು ನಾನೇ ತಂದೀನಿ," ಎಂದು ಅವರು ಒಳಗಿಂದಲೇ ಹೇಳಿದರು. "ಹೊಯ್ಕೋಬ್ಯಾಡ್ರಿ. ಬೀರುದಾಗ ಅದ."